ಗುತ್ತಿಗೆ ಮುಗಿದದ್ದು ಹಿತ್ತಲಿಗೆ, ಬಿಟ್ಟುಕೊಟ್ಟದ್ದು ಮನೆಯನ್ನೇ ಏಕೆ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಪಿಯು ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಹಾಂಗ್‌ಕಾಂಗ್ ವಿಷಯ ಬಂದಾಗ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಮನೆ ಇರೋ ಜಾಗ ನಮ್ಮದು, ಹಿತ್ತಲಿನ ಜಮೀನು ಮಾತ್ರ ಗುತ್ತಿಗೆಗೆ ತಗೊಂಡಿದ್ದು ಅಂತಿಟ್ಕೊಳ್ಳಿ. ಗುತ್ತಿಗೆ ಮುಗಿದರೆ ಹಿತ್ತಲು ಬಿಡಬೇಕು, ಮನೆ ಯಾಕೆ ಬಿಡಬೇಕು?" ಎಂದು ಕೇಳಿದ. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಹಾಂಗ್‌ಕಾಂಗ್ ದ್ವೀಪವೂ ಕೌಲೂನೂ ಬ್ರಿಟಿಷರಿಗೆ ಶಾಶ್ವತವಾಗಿ ಸಿಕ್ಕಿದ್ದವು, 99 ವರ್ಷದ ಗುತ್ತಿಗೆ ಇದ್ದದ್ದು ನ್ಯೂ ಟೆರಿಟರೀಸ್‌ಗೆ ಮಾತ್ರ. ಆದರೂ 1997ರಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟರು. ಫಾಕ್ಲೆಂಡ್ ದ್ವೀಪಗಳಿಗಾಗಿ ಅರ್ಜೆಂಟೀನಾದ ಜೊತೆ ಯುದ್ಧ ಮಾಡಿ ಗೆದ್ದ ಬ್ರಿಟನ್ ಪ್ರಧಾನಿ ಥ್ಯಾಚರ್ ಇಲ್ಲಿ ಕೈಚೆಲ್ಲಿದ್ದು ಏಕೆ? ಬೇರೆ ದಾರಿಗಳೇ ಇರಲಿಲ್ಲವೇ? ಜೊತೆಗೊಂದು ಸ್ವಂತ ಚಿಂತೆಯೂ ಇದೆ. ನನ್ನ ಅಕ್ಕ, ಭಾವ ಅಲ್ಲೇ ನೆಲೆಸಿ ಒಂದು ಫ್ಲಾಟ್ ಕೊಂಡಿದ್ದಾರೆ. ಪತ್ರದಲ್ಲಿ 2047ರ ತನಕ ಎಂದು ಬರೆದಿದೆಯಂತೆ. ಆಮೇಲೇನು?

ಉತ್ತರ: ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಬಹಳ ಒಳ್ಳೆಯದು. 1982ರಲ್ಲಿ ಬ್ರಿಟನ್ನಿನ ಪ್ರಧಾನಿಯ ತಲೆಯಲ್ಲೂ ಮೊದಲು ಇದೇ ಪ್ರಶ್ನೆ ಇತ್ತು. ಅವನ ಹೋಲಿಕೆಯನ್ನೇ ಇಟ್ಟುಕೊಂಡು ಹೊರಡೋಣ. ಅದಕ್ಕೆ ಒಂದೇ ಒಂದು ವಿವರ ಸೇರಿಸಬೇಕು: ಮನೆಯ ಬಾವಿ ಇರುವುದು ಆ ಹಿತ್ತಲಿನಲ್ಲಿ.

ನಾನು ಅಂತಾರಾಷ್ಟ್ರೀಯ ಕಾನೂನು ಕಲಿಸಿದಷ್ಟು ವರ್ಷವೂ ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಸುತ್ತಿದ್ದೆ. ವಿದ್ಯಾರ್ಥಿಗಳನ್ನು ಎರಡು ನಿಯೋಗಗಳಾಗಿ ಕೂರಿಸಿ, 1980ರ ಸುಮಾರಿನ ಹಾಂಗ್‌ಕಾಂಗ್ ನಕ್ಷೆಯನ್ನು ಮೇಜಿನ ಮೇಲೆ ಹಾಸುವುದು. ಪ್ರತಿ ವರ್ಷವೂ ಬ್ರಿಟಿಷ್ ಪಾತ್ರದವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ, ಕೆಂಪು ಪೆನ್ಸಿಲ್ ಹಿಡಿದು, ಕೌಲೂನ್ ಮುಗಿದು ನ್ಯೂ ಟೆರಿಟರೀಸ್ ಶುರುವಾಗುವ ಬೌಂಡರಿ ಸ್ಟ್ರೀಟ್ ಉದ್ದಕ್ಕೂ ಗೆರೆ ಎಳೆಯುವುದು. "ಇದರ ಕೆಳಗಿನದು ನಮ್ಮದು, ಮೇಲಿನದು ಬಿಡುತ್ತೇವೆ." ಆಗ ನಾನು ಕೇಳುತ್ತಿದ್ದೆ: ವಿಮಾನ ನಿಲ್ದಾಣ ತೋರಿಸಿ. ಕೈ ಟಾಕ್, ಗೆರೆಯ ಮೇಲ್ಗಡೆ. ಕಂಟೇನರ್ ಬಂದರು? ಕ್ವಾಯ್ ಚುಂಗ್, ಅದೂ ಮೇಲೆ. ನೀರು? ಪ್ಲೋವರ್ ಕೋವ್, ಹೈ ಐಲ್ಯಾಂಡ್ ಎಂಬ ಎರಡು ದೊಡ್ಡ ಜಲಾಶಯಗಳೂ ಮೇಲೆ. ಉಳಿದ ನೀರು ಚೀನಾದ ಡೊಂಗ್‌ಜಿಯಾಂಗ್ ನದಿಯಿಂದ, 1965ರಿಂದ, ಕೊಳವೆಯಲ್ಲಿ ಬರುತ್ತಿತ್ತು. ಅಷ್ಟರಲ್ಲಿ ಪೆನ್ಸಿಲ್ ಮೇಜಿನ ಮೇಲೆ ಮಲಗಿರುತ್ತಿತ್ತು.

ನಾನು ಆ ರಸ್ತೆಯಲ್ಲಿ ನಡೆದಿದ್ದೇನೆ. 1860ರಲ್ಲಿ ಎರಡು ಸಾಮ್ರಾಜ್ಯಗಳ ಗಡಿ ಎಂದು ಬೇಲಿ ಹಾಕಿದ ಗೆರೆ ಅದು. ಈಗ ಬಸ್ಸು ಓಡಾಡುವ ಸಾಮಾನ್ಯ ರಸ್ತೆ, ಎರಡೂ ಬದಿಗೆ ಒಂದೇ ತರಹದ ವಸತಿ ಕಟ್ಟಡಗಳು. ಸಿಗ್ನಲ್ ಹಸಿರಾದರೆ ಅರ್ಧ ನಿಮಿಷದಲ್ಲಿ "ಶಾಶ್ವತ"ದಿಂದ "ಗುತ್ತಿಗೆ"ಗೆ ದಾಟಿಬಿಡಬಹುದು.

ದಾಖಲೆಯ ಕಡೆಗೆ ಬರೋಣ. ಮೂರು ಒಪ್ಪಂದಗಳಿವೆ. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ, ಮೊದಲನೇ ಅಫೀಮು ಯುದ್ಧದ ನಂತರ, ದ್ವೀಪ ಸಿಕ್ಕಿತು. ಅಳತೆಯಲ್ಲಿ ಸುಮಾರು 80 ಚದರ ಕಿಲೋಮೀಟರ್. 1860ರಲ್ಲಿ ಎದುರಿನ ಕೌಲೂನ್ ಪರ್ಯಾಯ ದ್ವೀಪದ ತುದಿ. 1898ರ ಜೂನ್ 9ರಂದು ಸಹಿಯಾದ ಮೂರನೆಯದು ಗುತ್ತಿಗೆ: ಇನ್ನೂರಕ್ಕೂ ಹೆಚ್ಚು ದ್ವೀಪಗಳೂ ಸೇರಿದ ನ್ಯೂ ಟೆರಿಟರೀಸ್, 99 ವರ್ಷಕ್ಕೆ, ಬಿಡಿಗಾಸು ಬಾಡಿಗೆ ಇಲ್ಲದೆ. ಇಡೀ ವಸಾಹತಿನ ನೆಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಈ ಗುತ್ತಿಗೆಯದು. ಹಾಗಾಗಿ ಹುಡುಗನ ಹೋಲಿಕೆಯಲ್ಲಿ "ಹಿತ್ತಲು" ಅಂದರೆ ಹತ್ತು ಎಕರೆಯಲ್ಲಿ ಒಂಬತ್ತು ಎಕರೆ. ಮನೆ ನಿಂತದ್ದು ಉಳಿದ ಒಂದರಲ್ಲಿ.

ಇನ್ನೊಂದು ಮಾತು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುತ್ತದೆ. "ಶಾಶ್ವತ", "ಗುತ್ತಿಗೆ" ಎಂಬ ವ್ಯತ್ಯಾಸ ಇದ್ದದ್ದು ಬ್ರಿಟಿಷರ ಲೆಕ್ಕದಲ್ಲಿ ಮಾತ್ರ. ಬೀಜಿಂಗ್‌ನ ಲೆಕ್ಕದಲ್ಲಿ ಮೂರೂ ತೋಪಿನ ಬಾಯಿಯ ಮುಂದೆ ಬರೆಸಿಕೊಂಡ ಅಸಮಾನ ಒಪ್ಪಂದಗಳು, ಮೂರೂ ಅಸಿಂಧು. ಅವರ ಪ್ರಕಾರ 1997 ಗಡುವೇ ಅಲ್ಲ, ತಮಗೆ ಬೇಕಾದಾಗ ತೆಗೆದುಕೊಳ್ಳುವ ವಸ್ತುವಿಗೆ ಎದುರು ಪಕ್ಷದವರು ತಾವಾಗಿಯೇ ಹಾಕಿಕೊಂಡ ದಿನಾಂಕ.

ಇಲ್ಲೊಂದು ಸಾಮಾನ್ಯ ತಪ್ಪು ಕಲ್ಪನೆಯನ್ನು ತೆಗೆದುಹಾಕಬೇಕು. ಗುತ್ತಿಗೆ ಮುಗಿಯುತ್ತ ಬಂದಂತೆ ಚೀನಾ ಒತ್ತಡ ಹೇರಿತು, ಬ್ರಿಟನ್ ಬಗ್ಗಿತು ಎಂದು ಹಲವರು ತಿಳಿದಿದ್ದಾರೆ. ವಿಷಯವನ್ನು ಮೊದಲು ಎತ್ತಿದವರು ಬ್ರಿಟಿಷರೇ. ಕಾರಣ, ನಮ್ಮ ನಿಮ್ಮ ಮನೆಗಳಲ್ಲಿ ಮಾತಾಡುವಂಥ ಕಾರಣ: ಗೃಹಸಾಲ. ನ್ಯೂ ಟೆರಿಟರೀಸ್‌ನಲ್ಲಿ ಸರ್ಕಾರ ಕೊಟ್ಟ ಪ್ರತಿಯೊಂದು ಭೂಗುತ್ತಿಗೆಯೂ ಮುಖ್ಯ ಗುತ್ತಿಗೆಗಿಂತ ಮೂರು ದಿನ ಮೊದಲೇ, 1997ರ ಜೂನ್ ಕೊನೆಯ ವಾರದಲ್ಲಿ, ಮುಗಿಯುತ್ತಿತ್ತು. ಹದಿನೈದು ವರ್ಷದ ಸಾಲ ಕೊಡುವ ಬ್ಯಾಂಕು 1982ರ ನಂತರ ಯಾವ ಧೈರ್ಯದ ಮೇಲೆ ಕೊಡಬೇಕು? ಹೀಗಾಗಿ 1979ರ ಮಾರ್ಚ್‌ನಲ್ಲಿ ಗವರ್ನರ್ ಮರ್ರೆ ಮ್ಯಾಕ್ಲಿಹೋಸ್ ಬೀಜಿಂಗ್‌ಗೆ ಹೋಗಿ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಎದುರು ಭೂಗುತ್ತಿಗೆಯ ಮಾತೆತ್ತಿದರು. ಪತ್ರಗಳಲ್ಲಿರುವ 1997ರ ದಿನಾಂಕವನ್ನು ಸದ್ದಿಲ್ಲದೆ ಮಸುಕಾಗಿಸಿಬಿಡಬಹುದು ಎಂಬ ಆಸೆ ಅದರ ಹಿಂದಿತ್ತು. ಡೆಂಗ್ ಅದಕ್ಕೆ ಒಪ್ಪಲಿಲ್ಲ. ಸಾರ್ವಭೌಮತ್ವ ಚೀನಾದ್ದೇ ಎಂದರು, ಹೂಡಿಕೆದಾರರು ನಿಶ್ಚಿಂತೆಯಿಂದ ಇರಲಿ ಎಂದೂ ಹೇಳಿದರು. ಗವರ್ನರ್ ಊರಿಗೆ ಬಂದು ಜನರಿಗೆ ಸಾರಿದ್ದು ಎರಡನೆಯ ಮಾತನ್ನು ಮಾತ್ರ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಪ್ರಕರಣದ ಮೊದಲ ದೊಡ್ಡ ತಪ್ಪು ಇದು. ಅರ್ಧ ಮಾತು ಕೇಳಿದ ಜನ ಮೂರು ವರ್ಷ ಸುಳ್ಳು ನೆಮ್ಮದಿಯಲ್ಲಿ ಕಳೆದರು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ದಾರಿಗಳು ಯಾವುವಿದ್ದವು?

ದ್ವೀಪವನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡುವ ದಾರಿ ಬಾವಿಯ ಬಳಿಯೇ ಮುಗಿಯಿತು. 1963ರ ಬರಗಾಲದಲ್ಲಿ ಹಾಂಗ್‌ಕಾಂಗ್‌ನ ಮನೆಗಳಿಗೆ ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ನೀರು ಬಿಡುತ್ತಿದ್ದರು. ಅದನ್ನು ಕಂಡ ಆಡಳಿತಗಾರರಿಗೆ ನಕ್ಷೆಯ ಮೇಲೆ ಗೆರೆ ಎಳೆಯುವ ಆಸೆ ಹೆಚ್ಚು ಹೊತ್ತು ಉಳಿಯುವಂತಿರಲಿಲ್ಲ. ಫಾಕ್ಲೆಂಡ್ ಹೋಲಿಕೆಯೂ ಇಲ್ಲೇ ಬಿದ್ದುಹೋಗುತ್ತದೆ. ಅಲ್ಲಿ ಎದುರಾಳಿ ಸಮುದ್ರ ದಾಟಿ ಬರಬೇಕಿತ್ತು. ಇಲ್ಲಿ ಎದುರಾಳಿಯ ಸೈನ್ಯ ಷೆನ್‌ಜೆನ್ ನದಿಯ ಆಚೆ ದಡದಲ್ಲಿತ್ತು, ನಲ್ಲಿಯೂ ಅವರ ಕೈಯಲ್ಲೇ ಇತ್ತು.

ಸ್ವಾತಂತ್ರ್ಯ ಕೊಟ್ಟುಬಿಡುವುದು, ಸಿಂಗಪುರದ ಹಾಗೆ? ಆ ಬಾಗಿಲನ್ನು ಚೀನಾ ಹತ್ತು ವರ್ಷ ಮೊದಲೇ ಮುಚ್ಚಿತ್ತು. ವಿಶ್ವಸಂಸ್ಥೆಗೆ ಸೇರಿದ ಮರುವರ್ಷವೇ, 1972ರ ಮಾರ್ಚ್‌ನಲ್ಲಿ, ಅದರ ಪ್ರತಿನಿಧಿ ಹುವಾಂಗ್ ಹುವಾ ಪತ್ರ ಬರೆದು ಹಾಂಗ್‌ಕಾಂಗ್ ಮತ್ತು ಮಕಾವುಗಳನ್ನು ವಸಾಹತುಗಳ ಪಟ್ಟಿಯಿಂದ ತೆಗೆಸಿದರು. ವಸಾಹತು ಎನಿಸಿಕೊಂಡರೆ ಸ್ವನಿರ್ಣಯದ ಹಕ್ಕು ಬರುತ್ತದೆ, ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಆ ಪ್ರಶ್ನೆ ಏಳುವುದಿಲ್ಲ. ಬ್ರಿಟನ್ ಗಟ್ಟಿಯಾಗಿ ತಡೆಯಲಿಲ್ಲ. ರಾಜತಾಂತ್ರಿಕತೆಯಲ್ಲಿ ಇಂಥ ಸಣ್ಣ ಪತ್ರಗಳನ್ನು ಎಂದಿಗೂ ಹಗುರವಾಗಿ ನೋಡಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಅಂತಾರಾಷ್ಟ್ರೀಯ ನ್ಯಾಯಾಲಯ? ಇಬ್ಬರೂ ಒಪ್ಪದೆ ಅಲ್ಲಿ ವಿಚಾರಣೆಯೇ ಇಲ್ಲ. ಚೀನಾ ಒಪ್ಪುವ ಸಾಧ್ಯತೆ ಇರಲಿಲ್ಲ. ಗುತ್ತಿಗೆಯ ನವೀಕರಣವೂ ಅಷ್ಟೇ. ನವೀಕರಿಸಬೇಕಾದರೆ ಮೂಲ ಗುತ್ತಿಗೆ ಸಿಂಧು ಎಂದು ಒಪ್ಪಬೇಕು, ಆ ಒಂದು ಮಾತನ್ನು ಬೀಜಿಂಗ್ ಸಾಯುವ ತನಕ ಆಡುತ್ತಿರಲಿಲ್ಲ.

ಉಳಿದದ್ದು ಬುದ್ಧಿವಂತಿಕೆಯ ದಾರಿ: ಒಡೆತನ ನಿಮ್ಮದು, ಆಡಳಿತ ನಮ್ಮದು. ಸಾರ್ವಭೌಮತ್ವವನ್ನು ಕೊಟ್ಟು ಆಡಳಿತವನ್ನು ಉಳಿಸಿಕೊಳ್ಳುವುದು. ಕನ್ನಡಿಗರಿಗೆ ಇದನ್ನು ಅರ್ಥಮಾಡಿಸುವುದು ಬಹಳ ಸುಲಭ, ಏಕೆಂದರೆ ಬೆಂಗಳೂರಿನ ದಂಡು ಪ್ರದೇಶ ಹಾಗೇ ನಡೆಯಿತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಭಾಗದ ಆಡಳಿತವನ್ನು ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು. ನೆಲ ಮೈಸೂರಿನದು, ಆಳ್ವಿಕೆ ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟರದು. 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಇರುವಾಗ, ಅದು ಮೈಸೂರಿಗೆ ಮರಳಿತು. ಈಗ ಮಹಾರಾಷ್ಟ್ರದಲ್ಲಿರುವ ಬೇರಾರ್ ಪ್ರಾಂತ್ಯದ್ದು ಇನ್ನೂ ಕಹಿ ಕಥೆ. ಹೈದರಾಬಾದಿನ ನಿಜಾಮರು 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಅದನ್ನು ಬ್ರಿಟಿಷರಿಗೆ ಶಾಶ್ವತ ಗುತ್ತಿಗೆಗೆ ಕೊಟ್ಟರು. ಒಡೆತನ ಕಾಗದದಲ್ಲಿ ಉಳಿಯಿತು, ಬೇರಾರ್ ಮರಳಿ ಬರಲೇ ಇಲ್ಲ. ಒಡೆತನ ಮತ್ತು ಆಡಳಿತವನ್ನು ಬೇರ್ಪಡಿಸಿದಲ್ಲಿ ಲಾಭವಾಗುವುದು ಬಲ ಹೆಚ್ಚಿದ್ದವನಿಗೆ. ಬ್ರಿಟಿಷರಿಗೆ ಈ ಏರ್ಪಾಟು ಭಾರತದಲ್ಲಿ ಕೆಲಸ ಮಾಡಿತ್ತು. 1982ರಲ್ಲಿ ಬಲ ಎದುರುಗಡೆ ಇತ್ತು.

1982ರ ಸೆಪ್ಟೆಂಬರ್‌ನಲ್ಲಿ ಥ್ಯಾಚರ್ ಬೀಜಿಂಗ್‌ಗೆ ಹೋದಾಗ ಒಪ್ಪಂದಗಳು ಕಾನೂನಿನ ಪ್ರಕಾರ ಸಿಂಧು, ಬದಲಾಯಿಸುವುದಿದ್ದರೆ ಮಾತುಕತೆಯಿಂದ ಬದಲಾಯಿಸೋಣ ಎಂದು ಪಟ್ಟು ಹಿಡಿದರು. ಒಂದೆರಡು ವರ್ಷದೊಳಗೆ ಒಪ್ಪಂದವಾಗದಿದ್ದರೆ ತಮ್ಮ ತೀರ್ಮಾನವನ್ನು ತಾವೇ ಪ್ರಕಟಿಸುವುದಾಗಿ ಡೆಂಗ್ ತಿಳಿಸಿದರು. ಗಡಿಯಾರ ಈಗ ಪೂರ್ತಿ ಒಂದು ಪಕ್ಷದ ಕೈಗೆ ಹೋಯಿತು. ಮಾತುಕತೆ ವರ್ಷವಿಡೀ ಎಳೆಯಿತು. ಅದರ ಬೆಲೆ ತೆತ್ತವರು ಮೇಜಿನ ಸುತ್ತ ಕೂತವರಲ್ಲ. 1983ರ ಸೆಪ್ಟೆಂಬರ್ 24, ಅಲ್ಲಿನವರು "ಕಪ್ಪು ಶನಿವಾರ" ಎನ್ನುವ ದಿನ, ಹಾಂಗ್‌ಕಾಂಗ್ ಡಾಲರ್ ಒಂದು ಅಮೆರಿಕನ್ ಡಾಲರಿಗೆ 9.60ರ ಮಟ್ಟಕ್ಕೆ ಕುಸಿಯಿತು. ಜನ ಅಂಗಡಿಗಳಿಗೆ ನುಗ್ಗಿ ಅಕ್ಕಿ, ಎಣ್ಣೆ, ಹಾಲಿನಪುಡಿ ಬಾಚಿಕೊಂಡರು. ಅಕ್ಟೋಬರ್ 17ರಂದು ಸರ್ಕಾರ ದರವನ್ನು 7.80ಕ್ಕೆ ಕಟ್ಟಿಹಾಕಬೇಕಾಯಿತು. ಅದೇ ತಿಂಗಳಲ್ಲಿ ಬ್ರಿಟನ್ ಆಡಳಿತ ಉಳಿಸಿಕೊಳ್ಳುವ ಪಟ್ಟನ್ನು ಸಡಿಲಿಸಿತು. 1984ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವ ಜೆಫ್ರಿ ಹೌ ಹಾಂಗ್‌ಕಾಂಗ್‌ಗೆ ಬಂದು, 1997ರ ನಂತರ ಬ್ರಿಟಿಷ್ ಆಡಳಿತ ಇರುವುದಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ಹೀಗೆ ಕೊನೆಗೆ ಉಳಿದ ಒಂದೇ ದಾರಿ, ಎಲ್ಲವನ್ನೂ ಮರಳಿಸಿ, ಬದಲಿಗೆ ಅಲ್ಲಿನ ವ್ಯವಸ್ಥೆ ಐವತ್ತು ವರ್ಷ ಬದಲಾಗುವುದಿಲ್ಲ ಎಂದು ಬರಹದಲ್ಲಿ ಭರವಸೆ ಪಡೆಯುವುದು. 1984ರ ಡಿಸೆಂಬರ್ 19ರಂದು ಥ್ಯಾಚರ್ ಮತ್ತು ಚೀನಾದ ಪ್ರಧಾನಿ ಝಾವೊ ಝಿಯಾಂಗ್ ಸಹಿ ಹಾಕಿದ ಜಂಟಿ ಘೋಷಣೆ ಅದು. ಮುಂದಿನ ವರ್ಷ ವಿಶ್ವಸಂಸ್ಥೆಯಲ್ಲಿ ನೋಂದಣಿಯಾಯಿತು.

ಈ ದಾಖಲೆಯ ಮೊದಲ ಎರಡು ಪ್ಯಾರಾಗಳನ್ನು ನಿಮ್ಮ ಹುಡುಗರಿಗೆ ಓದಿಸಿ. ಒಂದನೆಯದರಲ್ಲಿ ಚೀನಾ, ಸಾರ್ವಭೌಮತ್ವವನ್ನು ಚಲಾಯಿಸುವುದನ್ನು ತಾನು ಮತ್ತೆ ಆರಂಭಿಸಲು ನಿರ್ಧರಿಸಿರುವುದಾಗಿ ಘೋಷಿಸುತ್ತದೆ. ಎರಡನೆಯದರಲ್ಲಿ ಬ್ರಿಟನ್, ಹಾಂಗ್‌ಕಾಂಗನ್ನು ಚೀನಾಕ್ಕೆ ಮರಳಿಸುವುದಾಗಿ ಘೋಷಿಸುತ್ತದೆ. ಇಷ್ಟು ದಿನ ಅದು ಯಾರದಾಗಿತ್ತು ಎಂಬ ಮಾತೇ ಇಲ್ಲ. ಚೀನಾದ ಪ್ಯಾರಾ ಪ್ರಕಾರ ಒಡೆತನ ಎಂದೂ ಹೋಗಿರಲಿಲ್ಲ, ಬ್ರಿಟನ್ನಿನ ಪ್ಯಾರಾ ಪ್ರಕಾರ ಮರಳಿಸಲು ಏನೋ ಇತ್ತು. ಒಂದೇ ಕಾಗದ, ಎರಡು ಇತಿಹಾಸ, ಇಬ್ಬರ ಮಾನವೂ ಉಳಿಯಿತು. ಒಪ್ಪಂದ ಬರೆಯುವ ಕಸುಬಿನಲ್ಲಿ ಇದಕ್ಕಿಂತ ಚೆಂದದ ನೇಯ್ಗೆಯನ್ನು ನಾನು ಕಡಿಮೆ ಕಂಡಿದ್ದೇನೆ.

ಆದರೆ ಆ ಚೆಂದ ಎಲ್ಲ ಪುಟಗಳಿಗೂ ಸಮಾನವಾಗಿ ಹಂಚಿಕೆಯಾಗಲಿಲ್ಲ. ಒಂದನೇ ಅನುಬಂಧ ರಾಜಕೀಯ ವ್ಯವಸ್ಥೆಯದು. ಶಾಸನಸಭೆ "ಚುನಾವಣೆಗಳ ಮೂಲಕ" ರಚನೆಯಾಗುತ್ತದೆ ಎಂದಷ್ಟೇ ಬರೆದಿದೆ. ಯಾರು ಮತ ಹಾಕಬೇಕು, ಎಷ್ಟು ಸ್ಥಾನಕ್ಕೆ, ಯಾರು ಸ್ಪರ್ಧಿಸಬಹುದು, ಒಂದೂ ಇಲ್ಲ. ಮೂರನೇ ಅನುಬಂಧ ಭೂಮಿಯದು. ಅಲ್ಲಿ ಎಲ್ಲವೂ ಅಂಕಿಯಲ್ಲಿದೆ: ಗುತ್ತಿಗೆಗಳನ್ನು 2047ರ ಜೂನ್ 30ರ ತನಕ ಹೆಚ್ಚುವರಿ ಪ್ರೀಮಿಯಂ (ಗುತ್ತಿಗೆಗಾಗಿ ಒಮ್ಮೆಗೇ ಕಟ್ಟುವ ಹಣ) ಇಲ್ಲದೆ ಮುಂದುವರಿಸಬಹುದು, ವಾರ್ಷಿಕ ಬಾಡಿಗೆ ಆಸ್ತಿಯ ನಿಗದಿತ ಬಾಡಿಗೆ ಮೌಲ್ಯದ ಶೇಕಡಾ 3, 1997ರ ತನಕ ಸರ್ಕಾರ ವರ್ಷಕ್ಕೆ 50 ಹೆಕ್ಟೇರ್‌ಗಿಂತ ಹೆಚ್ಚು ಹೊಸ ಜಮೀನು ಕೊಡುವಂತಿಲ್ಲ. ಮುಂದೇನಾಯಿತು ನೋಡಿ. ಭೂಮಿಯ ಅನುಬಂಧ ಹೆಚ್ಚುಕಡಿಮೆ ಅಕ್ಷರಶಃ ನಡೆಯಿತು. "ಚುನಾವಣೆ" ಎಂಬ ಒಂಟಿ ಪದದ ಅರ್ಥಕ್ಕಾಗಿ ಮೂರು ದಶಕ ಜಗಳವಾಯಿತು. 2021ರ ಬದಲಾವಣೆಯ ನಂತರ 90 ಸ್ಥಾನಗಳ ಸಭೆಯಲ್ಲಿ ಜನ ನೇರವಾಗಿ ಆರಿಸುವುದು 20 ಜನರನ್ನು.

ಇದಕ್ಕೆ ಚೀನಾದ ಮನಸ್ಸೇ ಮುಖ್ಯ ಕಾರಣ, ನಿಜ. ಆದರೆ ಒಪ್ಪಂದದಲ್ಲೂ ಒಂದು ದೊಡ್ಡ ಬಿರುಕು ಇದೆ. ಒಬ್ಬರು ಮುರಿದರೆ ಇನ್ನೊಬ್ಬರು ಎಲ್ಲಿಗೆ ಹೋಗಬೇಕು ಎಂದು ಅದರಲ್ಲಿ ಬರೆದಿಲ್ಲ. ಮಧ್ಯಸ್ಥಿಕೆ ಇಲ್ಲ, ನ್ಯಾಯಾಲಯ ಇಲ್ಲ. ಜಂಟಿ ಸಂಪರ್ಕ ಸಮಿತಿ ಒಂದಿತ್ತು, 2000ದ ಜನವರಿ 1ಕ್ಕೆ ಅದರ ಅವಧಿ ಮುಗಿಯಿತು. ಐವತ್ತು ವರ್ಷದ ಭರವಸೆಗೆ ಎರಡೂವರೆ ವರ್ಷದ ಕಾವಲು. 2017ರಲ್ಲಿ ಚೀನಾದ ವಿದೇಶಾಂಗ ಇಲಾಖೆಯ ವಕ್ತಾರರು ಆ ಘೋಷಣೆ ಚಾರಿತ್ರಿಕ ದಾಖಲೆ, ಅದಕ್ಕೆ ಈಗ ವಾಸ್ತವಿಕ ಮಹತ್ವವಿಲ್ಲ ಎಂದಾಗ, ಮತ್ತು 2020ರ ಜೂನ್ 30ರಂದು ಹಾಂಗ್‌ಕಾಂಗ್ ಮೇಲೆ ಬೀಜಿಂಗ್ ಹೇರಿದ ರಾಷ್ಟ್ರೀಯ ಭದ್ರತಾ ಕಾನೂನು ಜಾರಿಯಾದಾಗ, ಬ್ರಿಟನ್‌ಗೆ ಖಂಡಿಸುವುದರ ಆಚೆ ಒಪ್ಪಂದದೊಳಗೆ ಹಿಡಿಯಲು ಯಾವ ಹಿಡಿಯೂ ಸಿಗಲಿಲ್ಲ.

ನನಗೆ ಇಂದಿಗೂ ನೋವು ಕೊಡುವ ಸಂಗತಿ ಇನ್ನೊಂದಿದೆ. ಐವತ್ತು ಲಕ್ಷಕ್ಕೂ ಹೆಚ್ಚು ಜನರ ಬದುಕಿನ ಬಗ್ಗೆ ನಡೆದ ಮಾತುಕತೆಯಲ್ಲಿ ಆ ಜನರಿಗೆ ಕುರ್ಚಿ ಇರಲಿಲ್ಲ. ಗವರ್ನರ್ ಎಡ್ವರ್ಡ್ ಯೂಡ್ 1983ರಲ್ಲಿ ತಾವು ಹಾಂಗ್‌ಕಾಂಗ್ ಜನರ ಪ್ರತಿನಿಧಿ ಎಂದಾಗ, ನೀವು ಬ್ರಿಟಿಷ್ ನಿಯೋಗದ ಒಬ್ಬ ಸದಸ್ಯ ಅಷ್ಟೇ ಎಂದು ಬೀಜಿಂಗ್ ತಿದ್ದಿತು. ಕರಡು ಸಿದ್ಧವಾದ ಮೇಲೆ ಜನರ ಅಭಿಪ್ರಾಯ ಕೇಳಿದರು, ಒಂದು ಅಕ್ಷರ ಬದಲಾಯಿಸುವ ಅವಕಾಶ ಮಾತ್ರ ಇರಲಿಲ್ಲ. ಅಲ್ಲಿ ತಲೆಮಾರುಗಳಿಂದ ಇದ್ದ ಭಾರತೀಯ ಮೂಲದವರ ಪಾಡು ಇನ್ನೂ ಅತಂತ್ರ. ಚೀನೀ ಮೂಲದವರು ಚೀನೀ ಪ್ರಜೆಗಳಾಗುತ್ತಿದ್ದರು, ಇವರು ಯಾವ ದೇಶಕ್ಕೂ ಪೂರ್ತಿ ಸೇರದೆ ಉಳಿಯುವ ಅಪಾಯವಿತ್ತು. ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ಮೇಲೆ, 1997ರ ಮಾರ್ಚ್‌ನಲ್ಲಿ, ಹಸ್ತಾಂತರಕ್ಕೆ ಮೂರೂವರೆ ತಿಂಗಳಿರುವಾಗ, ಬೇರೆ ಪೌರತ್ವ ಇಲ್ಲದವರಿಗೆ ಪೂರ್ಣ ಬ್ರಿಟಿಷ್ ಪೌರತ್ವ ಕೊಡುವ ಕಾನೂನು ಲಂಡನ್‌ನಲ್ಲಿ ಆಯಿತು. ನಿಮ್ಮ ಅಕ್ಕನ ನೆರೆಹೊರೆಯಲ್ಲಿ ಹಳೆಯ ಸಿಂಧಿ ಅಥವಾ ಪಂಜಾಬಿ ಕುಟುಂಬಗಳಿದ್ದರೆ ಆ ದಿನಗಳ ಬಗ್ಗೆ ಕೇಳಲು ಹೇಳಿ.

ಹಾಗಾದರೆ ಬ್ರಿಟನ್ ಇನ್ನೂ ಚೆನ್ನಾಗಿ ಮಾಡಬಹುದಿತ್ತೇ? ನೆಲದ ವಿಷಯದಲ್ಲಿ ಇಲ್ಲ, ಬರವಣಿಗೆಯ ವಿಷಯದಲ್ಲಿ ಮತ್ತು ಸಮಯದ ವಿಷಯದಲ್ಲಿ ಹೌದು ಎಂಬುದು ನನ್ನ ಉತ್ತರ. ಪನಾಮಾ ಕಾಲುವೆಯನ್ನು ನೋಡಿ. 1977ರಲ್ಲಿ ಸಹಿಯಾಗಿ, ಇಪ್ಪತ್ತು ವರ್ಷಕ್ಕೂ ಮೀರಿ ಹಂತಹಂತವಾಗಿ ಜವಾಬ್ದಾರಿ ಕೈಬದಲಾಗಿ, 1999ರ ಡಿಸೆಂಬರ್ 31ಕ್ಕೆ ಪೂರ್ಣವಾಯಿತು. ಸ್ಥಳೀಯರು ನಡೆಸುವುದನ್ನು ಕಲಿತ ಮೇಲೆ ಬೀಗದ ಕೈ ಸಿಕ್ಕಿತು. ಹಾಂಗ್‌ಕಾಂಗ್‌ನಲ್ಲಿ ನೇರ ಚುನಾವಣೆಯನ್ನು ಬ್ರಿಟಿಷರು ಗಂಭೀರವಾಗಿ ನೆನೆಸಿಕೊಂಡದ್ದು ತಾವು ಹೊರಡುವ ಹೊತ್ತಿಗೆ. ಅರವತ್ತು, ಎಪ್ಪತ್ತರ ದಶಕದಲ್ಲೇ ಅದು ಬೇರೂರಿದ್ದರೆ ಕೀಳುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ಇದನ್ನು ನಾನು ಚೀನಾದ ಮೇಲೆ ಅಲ್ಲ, ಬ್ರಿಟನ್ನಿನ ಮೇಲೆಯೇ ಹೊರಿಸುತ್ತೇನೆ.

ದಿನಾಂಕವೇ ಇಲ್ಲದ ಗುತ್ತಿಗೆ ಇದಕ್ಕಿಂತ ಒಳ್ಳೆಯದೇ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ಕ್ಯೂಬಾದ ನೆಲದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೊ ಉದಾಹರಣೆ ಕೊಡಿ. 1934ರ ಒಪ್ಪಂದದ ಪ್ರಕಾರ ಇಬ್ಬರೂ ಒಪ್ಪಿದರೆ ಅಥವಾ ಅಮೆರಿಕ ತಾನೇ ಬಿಟ್ಟು ಹೋದರೆ ಮಾತ್ರ ಅದು ಮುಗಿಯುತ್ತದೆ. ಅಮೆರಿಕ ವರ್ಷಕ್ಕೆ 4,085 ಡಾಲರಿನ ಚೆಕ್ ಕಳಿಸುತ್ತದೆ, ಕ್ಯೂಬಾ ದಶಕಗಳಿಂದ ಅದನ್ನು ನಗದು ಮಾಡಿಸಿಲ್ಲ. ಇನ್ನು 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಬಗ್ಗೆ ಸಹಿ ಹಾಕಿದ ಒಪ್ಪಂದವನ್ನೂ ತರಗತಿಗೆ ತನ್ನಿ: ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೊ ಗಾರ್ಸಿಯಾದ ಸೇನಾ ನೆಲೆ ಬ್ರಿಟನ್‌ಗೆ ಗುತ್ತಿಗೆ. ಅವಧಿ ಮತ್ತೆ 99 ವರ್ಷ. ಆ ದ್ವೀಪಗಳಿಂದ ಎಬ್ಬಿಸಲ್ಪಟ್ಟ ಚಾಗೋಸ್ ಜನರು ತಮಗೆ ಮಾತುಕತೆಯಲ್ಲಿ ಸ್ಥಾನವಿರಲಿಲ್ಲ ಎಂದು ದೂರುತ್ತಿದ್ದಾರೆ.

ಕೊನೆಗೆ ನಿಮ್ಮ ಅಕ್ಕನ ಫ್ಲಾಟು. ಇಲ್ಲಿ ಆತಂಕಕ್ಕೆ ಕಾರಣ ಕಡಿಮೆ. ಪತ್ರದಲ್ಲಿರುವ 2047, ಆ ಮೂರನೇ ಅನುಬಂಧದ ಜೂನ್ 30. ಹಾಂಗ್‌ಕಾಂಗ್‌ನಲ್ಲಿ ಭೂಮಿಯ ಒಡೆಯ ಸರ್ಕಾರವೇ, ಫ್ಲಾಟ್ ಕೊಂಡವರ ಕೈಯಲ್ಲಿರುವುದು ಗುತ್ತಿಗೆಯ ಪಾಲು. 2024ರಲ್ಲಿ ಅಲ್ಲಿ ಒಂದು ಕಾನೂನು ಬಂದಿದೆ. ಅದರ ಪ್ರಕಾರ ಸಾಮಾನ್ಯ ಉದ್ದೇಶದ ಗುತ್ತಿಗೆಗಳು, ಸರ್ಕಾರ ಮುಂಚಿತವಾಗಿ ಪ್ರಕಟಿಸುವ "ಮುಂದುವರಿಸದ" ಪಟ್ಟಿಯಲ್ಲಿ ಇಲ್ಲದಿದ್ದರೆ, ತಾವಾಗಿಯೇ 50 ವರ್ಷ ಮುಂದುವರಿಯುತ್ತವೆ. ಹೆಚ್ಚುವರಿ ಪ್ರೀಮಿಯಂ ಇಲ್ಲ, ಬಾಡಿಗೆ ಅದೇ ಶೇಕಡಾ 3ರ ಲೆಕ್ಕ. ಅಕ್ಕನವರು ಮಾಡಬೇಕಾದದ್ದು ಎರಡು ಕೆಲಸ. ಕಟ್ಟಡ ನಿಂತಿರುವ ಜಾಗದ ಮೂಲ ಗುತ್ತಿಗೆ ಸಾಮಾನ್ಯ ಉದ್ದೇಶದ್ದೋ ವಿಶೇಷ ಉದ್ದೇಶದ್ದೋ ಎಂದು ಅಲ್ಲಿನ ವಕೀಲರಿಂದ ಓದಿಸುವುದು, ಆಮೇಲೆ ಆ ಪಟ್ಟಿ ಪ್ರಕಟವಾದಾಗ ಗೆಜೆಟ್‌ನಲ್ಲಿ ತಮ್ಮ ನಿವೇಶನದ ಸಂಖ್ಯೆ ಇದೆಯೇ ಎಂದು ನೋಡುವುದು. ಮೂಲ ಪತ್ರದ ಒಂದು ದೃಢೀಕೃತ ನಕಲನ್ನು ನಿಮ್ಮ ಮನೆಯಲ್ಲೂ ಇಟ್ಟುಕೊಳ್ಳಿ.